ಹಿಂಡಿ ಒರಳಿನ ಕಾಫಿ

ಚಹಾ ಕುಡಿಯುವ ಊರಿನ ಗಂಡಸು ಕಾಫಿ ಕುಡಿಯುವ ಹೆಣ್ಣನ್ನು ಮದುವೆಯಾಗಬಾರದು ಎಂದು ನಾನು ಹೇಳುವುದಿಲ್ಲ. ಆಗಲಿ ಬಿಡಿ. ಆದರೆ ಅವಳು ಪ್ರತಿ ಭಾನುವಾರ ಅಪ್ಪನಿಗೆ ಫೋನಿನಲ್ಲಿ ಏನು ಹೇಳುತ್ತಾಳೆ ಎಂಬುದನ್ನು ಎಸ್‌ಟಿಡಿ ಬೂತಿನ ಗಾಜಿಗೆ ಕಿವಿ ಹಚ್ಚಿಯಾದರೂ ತಿಳಿದುಕೊಳ್ಳಬೇಕು. ನಾನು ಹೊರಗೆ ನಿಂತು ಎಲೆ ಅಡಿಕೆ ಜಗಿಯುತ್ತಿದ್ದೆ. ಕೆಟ್ಟದ್ದು ಅಲ್ಲೇ.

ನನ್ನ ಹೆಂಡತಿ ಸುಮಾ ತುಮಕೂರಿನವಳು. ಆಗಿನ್ನೂ ಮದುವೆಯ ಹೊಸತು. ನಮ್ಮೂರು ಇಂಡಿಯಲ್ಲಿ ಲಿಂಬೆಹಣ್ಣು ಕೇಳಿದರೆ ಬುಟ್ಟಿಗಟ್ಟಲೆ ಕೊಡುತ್ತಿದ್ದರು, ಕಾಫಿ ಕೇಳಿದರೆ "ಯಾರಿಗಿ ಆರಾಮಿಲ್ರಿ?" ಎನ್ನುತ್ತಿದ್ದರು. "ಅಷ್ಟು ದೂರ ಕೊಟ್ಟುಬಿಟ್ಟೆ" ಎಂದು ಅಪ್ಪ ಕೊರಗುವುದನ್ನು ಕೇಳಲಾಗದೆ ಸುಮಾ, "ಇವರೇ ಬೀಜ ಹುರಿದು ಕಾಫಿ ಮಾಡಿಕೊಡ್ತಾರಪ್ಪ" ಎಂದುಬಿಟ್ಟಿದ್ದಳು. ಮಾವನವರು ಖುಷಿಯಾಗಿ ಬಸ್ಸಿನಲ್ಲಿ ಒಂದು ಸಣ್ಣ ಚೀಲ ಹಸಿ ಬೀಜ ಕಳಿಸಿದರು. ಬೆನ್ನಿಗೇ ಸುದ್ದಿ ಬಂತು: ಮುಂದಿನ ಭಾನುವಾರ ತಾವೇ ಬರುತ್ತಾರೆ, ಅಳಿಯನ ಕೈಯ ಕಾಫಿ ಕುಡಿಯಲು.

"ನೀನ ಹುರದ ಬಿಡಲ್ಲಾ" ಎಂದೆ.

"ನಮ್ಮನೇಲಿ ಪುಡಿ ಅಂಗಡಿಯಿಂದ ತರ್ತಿದ್ದಿದ್ದು. ನಂಗೆಲ್ಲಿ ಬರುತ್ತೆ?" ಅವಳ ಕಣ್ಣು ತುಂಬಿತು. "ರೀ, ಹೇಗಾದ್ರೂ ಕಲಿತುಬಿಡಿ. ಇದು ಸುಳ್ಳು ಅಂತ ಗೊತ್ತಾದ್ರೆ, ನಾನಿಲ್ಲಿ ಚೆನ್ನಾಗಿದೀನಿ ಅಂದಿದ್ದೂ ಸುಳ್ಳು ಅಂದ್ಕೋತಾರೆ."

ನಮ್ಮವ್ವ ಬಾಗೇವಾಡಿಯವಳು. ಶೇಂಗಾ ಹುರಿದು, ಬೆಳ್ಳುಳ್ಳಿ ಖಾರ ಹಾಕಿ ಅವಳು ಕುಟ್ಟಿದ ಹಿಂಡಿಗೆ, ಅಂದರೆ ಚಟ್ನಿಪುಡಿಗೆ, ಓಣಿಯೇ ಕೈ ಒಡ್ಡುತ್ತಿತ್ತು. "ಹುರಿಯೂದಂದ್ರ ಹುರಿಯೂದ. ಶೇಂಗಾ ಏನು, ಕಾಫಿ ಏನು? ಹಂಚ ಇಡು" ಎಂದಳು.

ರೊಟ್ಟಿ ಹಂಚಿನ ಮೇಲೆ ಬೀಜ ಬಿತ್ತು. ಒಂದು ಬೀಜ ಚಟ್ ಎಂದಿತೋ ಇಲ್ಲವೋ, "ಇಳಸಪಾ, ಹೊತ್ತತೈತಿ!" ಎಂದು ಅವ್ವ ಕೂಗಿದಳು. ಇಳಿಸಿದೆ. ಮೇಲೆ ಕಂದು, ಒಳಗೆ ಹಸಿ. ಕುಡಿದರೆ ದನಕ್ಕೆ ಹಾಕುವ ಜೋಳದ ಕಣಿಕೆ ನೆನೆಸಿದ ನೀರು. ಎರಡನೇ ಸಲ ಹಟ ಹಿಡಿದು ಇಳಿಸಲೇ ಇಲ್ಲ. ಪಕ್ಕದ ಮನೆಯ ಖಾಜಾಸಾಬ ತುಂಬಿದ ಕೊಡ ಹಿಡಿದೇ ಓಡಿಬಂದ. "ಏನೋ ಮಾರಾಯಾ, ಮನ್ಯಾಗ ಟೈರ್ ಸುಡಾಕತ್ತಿಯೇನು?" ಮೂರನೇ ಸಲ ಬಣ್ಣವೇನೋ ಬಂತು, ಆದರೆ ನಾನು ಬೆವರು ಒರೆಸಿಕೊಳ್ಳುವಷ್ಟರಲ್ಲಿ ಅವ್ವ ಶೇಂಗಾಕ್ಕೆ ಚಿಮುಕಿಸುವಂತೆ ಉಪ್ಪುನೀರು ಚಿಮುಕಿಸಿದ್ದಳು. "ಉಪ್ಪ ಹಿಡೀಲಿಲ್ಲಂದ್ರ ರುಚಿ ಹ್ಯಾಂಗ ಬರ್ತೈತಿ?" ಸುಮಾ ಒಂದು ಗುಟುಕು ಕುಡಿದು, ಬಾಯಿ ಮುಕ್ಕಳಿಸಲು ಹಿತ್ತಲಿಗೆ ಹೋದಳು. ಮರುದಿನದ ರೊಟ್ಟಿ ಕೂಡ ಕಾಫಿ ನಾರುತ್ತಿತ್ತು.

ಶನಿವಾರಕ್ಕೆ ಚೀಲದ ತಳದಲ್ಲಿ ಉಳಿದಿದ್ದು ಒಂದೆರಡು ಬೊಗಸೆ. ಅವ್ವನನ್ನು ಅಡುಗೆಮನೆಯಿಂದ ಹೊರಗೆ ಕೂರಿಸಿ, ಸಣ್ಣ ಉರಿಯಲ್ಲಿ ಕೈ ಎತ್ತದೆ ಆಡಿಸಿದೆ. ಈ ಸಲ ಯಾರ ಮಾತೂ ಕೇಳದೆ ಮೂಗಿನ ಮಾತು ಕೇಳಿದೆ. ಹಸಿ ವಾಸನೆ ಹೋಯಿತು, ರೊಟ್ಟಿ ಸುಡುವ ವಾಸನೆ ಬಂತು, ಆಮೇಲೆ ಅದು ಬಂತು. ಸುಮಾ ಬಾಗಿಲಲ್ಲೇ ಕಣ್ಣು ಮುಚ್ಚಿ ನಿಂತಳು. "ನಮ್ಮೂರ ಅಂಗಡಿ ಮುಂದೆ ನಿಂತ ಹಾಗಿದೆ ರೀ!" ಎಂದಳು. ನಾನು ಆ ರಾತ್ರಿ ರಾಜನಂತೆ ಮಲಗಿದೆ.

ಬೆಳಿಗ್ಗೆ ಬಸ್‌ಸ್ಟ್ಯಾಂಡಿನಿಂದ ಮಾವನವರನ್ನು ಕರೆತಂದೆ. ಅವ್ವ ಬಾಗಿಲಲ್ಲೇ ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು. "ಕರೆಂಟ್ ಹೋಗೇತಿ, ಮಿಕ್ಸರ್ ನಡ್ಯಾಂಗಿಲ್ಲ. ಹೆದರಬ್ಯಾಡ, ನಾನ ಕುಟ್ಟಿಟ್ಟೇನಿ."

ನಮ್ಮ ಮನೆಯಲ್ಲಿ ಕುಟ್ಟುವ ಒರಳು ಇರುವುದು ಒಂದೇ. ನಮ್ಮಜ್ಜಿಯ ಕಾಲದಿಂದ ಹಿಂಡಿಯ ಬೆಳ್ಳುಳ್ಳಿ, ಖಾರ ಕುಡಿದು ಕೆಂಪಾದ ಒರಳು.

ಇನ್ನೊಂದು ಬೀಜ ಉಳಿದಿರಲಿಲ್ಲ. ಕಾಫಿ ಹೊರಗೆ ಬಂತು. ಸುಮಾ ಸೆರಗಿನ ಚುಂಗನ್ನು ಹಿಂಡುತ್ತಾ ನಿಂತಳು. ಮಾವನವರು ಒಂದು ಗುಟುಕು ಕುಡಿದರು. ಕೆಮ್ಮಿದರು. ಧೈರ್ಯ ಮಾಡಿ ಇನ್ನೊಂದು ಗುಟುಕು ಕುಡಿದರು. ಕಣ್ಣಲ್ಲಿ ನೀರು ಬಂತು. ಲೋಟವನ್ನು ಮೆಲ್ಲಗೆ ಕೆಳಗಿಟ್ಟು ಮಗಳ ಕಡೆ ತಿರುಗಿದರು.

"ನೀನು ಹೇಳಿದ್ದು ನಿಜ ಕಣಮ್ಮ. ಇದು ಇವರೇ ಹುರಿದಿರೋದು. ಇಂಥ ಕಾಫಿ ಮಾರೋ ಧೈರ್ಯ ಯಾವ ಅಂಗಡಿಯವನಿಗೂ ಇರಲ್ಲ."

ಸುಮಾ ನಗಲು ಶುರು ಮಾಡಿದವಳು ನಿಲ್ಲಿಸಲೇ ಇಲ್ಲ. ಮಾವನವರು ಅವಳು ನಗುವುದನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಅವ್ವನಿಗೆ, "ಅಮ್ಮ, ಒಂಚೂರು ಟೀ ಸಿಗುತ್ತಾ?" ಎಂದರು. "ಮದಲ ಹೇಳಬೇಕಿಲ್ರಿ!" ಎಂದು ಅವ್ವ ಗೆದ್ದವಳಂತೆ ಒಳಗೆ ಹೋದಳು.

ಅಲ್ಲಿಂದ ವರ್ಷ ವರ್ಷ ಬೀಜ ಬಂತು, ನನ್ನ ಕೈಯೂ ಪಳಗಿತು. ಎಷ್ಟು ಪಳಗಿತೆಂದರೆ, ಮುಂದೊಮ್ಮೆ ಮಾವನವರು ಪೂರ್ತಿ ಲೋಟ ಕುಡಿದು, "ಬಹಳ ಚೆನ್ನಾಗಿದೆ" ಎಂದವರೇ ಮಗಳನ್ನು ಸಂಶಯದಿಂದ ನೋಡಿದರು. "ನಿಜ ಹೇಳಮ್ಮ, ಯಾವ ಅಂಗಡಿ ಪುಡಿ ಇದು?"

ಅಂದಿನಿಂದ ಅವರು ಬರುವ ದಿನ ನಾನು ಮಿಕ್ಸರ್ ಮುಟ್ಟುವುದಿಲ್ಲ. ಅವ್ವನ ಒರಳನ್ನೇ ಎಳೆದುಕೊಂಡು ಕುಟ್ಟಲು ಕೂರುತ್ತೇನೆ.