ವಕೀಲನ ಕೆಮ್ಮು

ಬೆಳಿಗ್ಗೆ ಏಳೂ ಹತ್ತಕ್ಕೆ ವಕೀಲ ಕೆಮ್ಮಿದ.

ಒಂದು ಸಲವಲ್ಲ, ಮೂರು ಸಲ. ಮೊದಲನೆಯದು ಗಂಟಲಿನಿಂದ, ಎರಡನೆಯದು ಎದೆಯಿಂದ, ಮೂರನೆಯದು ನೇರ ಪಾತಾಳದಿಂದ. ಅರ್ಧ ಬಿಸ್ಕತ್ತು ಹಿಡಿದು ಪಂಜರದ ಮುಂದೆ ನಿಂತಿದ್ದ ಕರಡಿಯವರ ಕೈ ಗಾಳಿಯಲ್ಲೇ ನಿಂತಿತು.

ವಕೀಲ ಎಂದರೆ ಕರಿಕೋಟಿನವನಲ್ಲ, ಹಸಿರು ಕೋಟಿನವನು, ಗಿಳಿ. ಯಾರೂ ಕೇಳದಿದ್ದರೂ ಮಾತಾಡುತ್ತದೆ, ಆಡಿದ್ದನ್ನೇ ಆಡುತ್ತದೆ, ಕಾಳು ಬಿದ್ದರೆ ಮಾತ್ರ ಸುಮ್ಮನಾಗುತ್ತದೆ ಎಂದು ಅಕ್ಕ ಇಟ್ಟ ಹೆಸರು. ಕರಡಿಯವರೂ ಕಾಡಿನವರಲ್ಲ. ಪ್ರೆಸ್ಸಿನಲ್ಲಿ ಕರಡು ತಿದ್ದುವ ಕೆಲಸ. ಕರಡು ತಿದ್ದುವವರನ್ನು ಜೊತೆಯವರು ಕರಡಿ ಮಾಡಿದರು. ಆಳು ನೋಡಿದರೆ ಕಡ್ಡಿ. ನಲವತ್ತೆರಡು ವರ್ಷ, ಒಂಟಿ ಜೀವ, ಮಹಡಿಯ ಮೇಲೆ ಒಂದೂವರೆ ಕೋಣೆಯ ಬಾಡಿಗೆ ಮನೆ. ತಪ್ಪು ಕಂಡರೆ ಸಿಟ್ಟು ಬರುವುದು ಅವರ ವೃತ್ತಿದೋಷ. ಆದರೆ ಆ ಸಿಟ್ಟನ್ನು ಹಾಳೆಯ ಅಂಚಿನಲ್ಲಿ ಕೆಂಪು ಶಾಯಿಯಿಂದ ಬರೆದು ಗೊತ್ತೇ ಹೊರತು ಬಾಯಿಬಿಟ್ಟು ಆಡಿ ಗೊತ್ತಿರಲಿಲ್ಲ.

ಗಿಳಿ ಅಕ್ಕನದು. ಅಕ್ಕ ಹೈಸ್ಕೂಲಿನ ಹೆಡ್‌ಮಿಸ್. ಆರು ವಾರದ ಹಿಂದೆ ಮಗಳ ಮನೆಗೆ ಹೊರಟಾಗ ಗಿಳಿಯನ್ನೂ ಒಂದು ಹೂವಿನ ಕುಂಡವನ್ನೂ ತಮ್ಮನಿಗೆ ಒಪ್ಪಿಸಿ, ಎರಡು ಪುಟದ ಸೂಚನೆ ಬರೆದುಕೊಟ್ಟಿದ್ದಳು. ನಾಲ್ಕನೆಯ ಸೂಚನೆ: ಬಿಸ್ಕತ್ತು ಕೂಡದು. ಕರಡಿಯವರು ದಿನಾ ಬೆಳಿಗ್ಗೆ ಅರ್ಧ ಬಿಸ್ಕತ್ತು ಕೊಟ್ಟು, "ಅಕ್ಕಂಗೆ ಹೇಳ್ಬೇಡ ಕಣೋ ವಕೀಲ" ಎನ್ನುತ್ತಿದ್ದರು. ವಕೀಲ ಒಂದು ಕಣ್ಣು ಮುಚ್ಚಿ ಒಪ್ಪಿಕೊಳ್ಳುತ್ತಿದ್ದ. ಹನ್ನೊಂದನೆಯ ಸೂಚನೆಗೆ ಮಾತ್ರ ಎರಡೆರಡು ಅಡಿಗೆರೆ: "ಪಕ್ಷಿ ತನ್ನ ಕಾಯಿಲೆಯನ್ನು ಬಚ್ಚಿಡುತ್ತದೆ. ತೋರಿಸಿಕೊಳ್ಳುವ ಹೊತ್ತಿಗೆ ತಡವಾಗಿರುತ್ತದೆ. ಅನುಮಾನ ಬಂದ ದಿನವೇ ಡಾಕ್ಟರು."

ಅಕ್ಕ ಗಿಳಿಯನ್ನು ವಾಪಸು ಒಯ್ಯಲು ಬರುವುದು ಇವತ್ತೇ, ಸಂಜೆ ಏಳಕ್ಕೆ.

ಕರಡಿಯವರು ಪ್ರೆಸ್ಸಿನ ಮಾಲೀಕರಿಗೆ ಫೋನು ಹಚ್ಚಿದರು. "ಸಾರ್, ಇವತ್ತು ರಜೆ ಬೇಕಿತ್ತು. ಮನೇಲಿ ಹುಷಾರಿಲ್ಲ."

"ಯಾರಿಗ್ರೀ? ನೀವೊಬ್ರೇ ತಾನೇ ಇರೋದು?"

"ಗಿಳಿಗೆ."

ಆ ಕಡೆ ಮಾಲೀಕರು ಉಸಿರು ಎಳೆದುಕೊಂಡದ್ದು ಕೇಳಿಸಿತು. "ನೋಡಿ ಕರಡಿಯವ್ರೇ, ಬಸ್ಸಿನ ವೇಳಾಪಟ್ಟಿ ಹನ್ನೊಂದಕ್ಕೆ ಮಿಷನ್ನಿಗೆ ಹೋಗ್ಬೇಕು. ನಿಮ್ಮ ಗಿಳಿಗೋಸ್ಕರ ಊರಿನ ಬಸ್ಸೆಲ್ಲ ತಡವಾಗಿ ಬರ್ಲಾ?"

"ಈಗ್ಲೂ ತಡವಾಗೇ ಬರ್ತಿವೆ ಸಾರ್," ಎಂದುಬಿಟ್ಟರು ಕರಡಿಯವರು. ಫೋನು ಇಟ್ಟ ಮೇಲೆ, ಇದನ್ನು ಹೇಳಿದವರು ಯಾರು ಎಂದು ಒಮ್ಮೆ ಹಿಂದೆ ತಿರುಗಿ ನೋಡಿದರು.

ಪಂಜರಕ್ಕೆ ಟವೆಲು ಹೊದಿಸಿ ಮೆಟ್ಟಿಲಿಳಿದರೆ ಕೆಳಗೆ ದಾರಿಗಡ್ಡವಾಗಿ ಸಲಹಾ ಸಮಿತಿ. ಪಕ್ಕದ ಮನೆಯ ಕಾಂಪೌಂಡರು, ಕೆಳಮನೆಯ ಓನರು, ಓನರಮ್ಮ.

"ಕೆಮ್ಮಾ? ಹಬೆ ಕೊಡಿ," ಎಂದರು ಕಾಂಪೌಂಡರು. "ಪಾತ್ರೇಲಿ ನೀರು ಕುದ್ಸಿ, ಮೇಲೆ ಗಿಳಿ ಹಿಡೀರಿ, ಮುಚ್ಚಿ."

"ಅದು ಅಡುಗೆ ಆಗುತ್ತೆ ಸಾರ್, ಚಿಕಿತ್ಸೆ ಅಲ್ಲ."

ಓನರು ಬಾಯಲ್ಲಿದ್ದ ಪೆಪ್ಪರ್‌ಮೆಂಟನ್ನು ಎಡಗೆನ್ನೆಯಿಂದ ಬಲಗೆನ್ನೆಗೆ ವರ್ಗಾಯಿಸಿದರು. ಅವರು ನಿವೃತ್ತ ಆರೋಗ್ಯ ಇನ್ಸ್‌ಪೆಕ್ಟರು. "ಡಾಕ್ಟರೆಲ್ಲ ಯಾಕ್ರೀ? ಹಕ್ಕಿ ಅಂದ್ಮೇಲೆ ಸದ್ದು ಮಾಡುತ್ತೆ. ಸಂಜೆವರೆಗೂ ನೋಡಿ. ಮಧ್ಯಾಹ್ನದ ಹೊತ್ತು ಸ್ವಲ್ಪ ಜಾಸ್ತಿ ಕೆಮ್ಮುತ್ತೆ, ಆಮೇಲೆ ತಾನೇ ಸುಮ್ನಾಗುತ್ತೆ."

"ಅಂದ್ರೆ ಮುಂಚಿಂದ್ಲೂ ಕೆಮ್ಮುತ್ತಿದೆಯಾ? ನಂಗೆ ಯಾಕ್ ಸಾರ್ ಹೇಳ್ಲಿಲ್ಲ?" ಕರಡಿಯವರ ದನಿ ಒಂದು ಮೆಟ್ಟಿಲು ಮೇಲೇರಿತು. "ನಿಮ್ಮ ಮೊಮ್ಮಗು ಕೆಮ್ಮಿದ್ರೆ ಸಂಜೆವರೆಗೂ ನೋಡ್ತಿದ್ರಾ? ಇದಕ್ಕೆ ಎದೆನೋವು ಅಂತ ಹೇಳ್ಕೊಳ್ಳೋಕೆ ಬರುತ್ತಾ?"

"ಮಾತಾಡೋ ಪ್ರಾಣಿ ಅದೊಂದೇ ಅಲ್ವೇನ್ರೀ?" ಎಂದರು ಕಾಂಪೌಂಡರು.

ಓನರಮ್ಮ ಸೆರಗು ಸಿಕ್ಕಿಸಿದರು. ಅವರು ಸೆರಗು ಸಿಕ್ಕಿಸಿದರೆ ಬೀದಿಯ ನಾಯಿ ಕೂಡ ಎದ್ದು ದಾರಿ ಬಿಡುತ್ತಿತ್ತು. "ಅಂಟುರೋಗ ಆಗಿದ್ರೆ? ನಮ್ಮನೆಯವ್ರು ಸಿಗರೇಟು ಬಿಟ್ಟು ಎರಡು ವರ್ಷ ಆಯ್ತು, ಈಗ ತಾನೇ ಎದೆ ಶುದ್ಧ ಆಗಿದೆ. ರೀ, ಕಾರು ತೆಗೀರಿ. ಮೂವರೂ ಹೋಗಿ ತೋರಿಸ್ಕೊಂಡು ಬರೋಣ."

"ನಂಗೆ ಮಧ್ಯಾಹ್ನ ಟ್ಯಾಂಕ್ ನೋಡೋದಿದೆ ಕಣೇ," ಎಂದರು ಓನರು.

"ದಿನಾ ಮೇಲೆ ಹತ್ತಿ ಅರ್ಧ ಗಂಟೆ ನೋಡ್ತೀರಲ್ಲ, ಒಂದಿನ ನೋಡ್ದಿದ್ರೆ ಟ್ಯಾಂಕ್ ಎಲ್ಲಾದ್ರೂ ಓಡಿಹೋಗುತ್ತಾ? ತೆಗೀರಿ ಅಂದ್ರೆ ತೆಗೀರಿ."

ಕರಡಿಯವರು ಗಡಿಬಿಡಿಯಲ್ಲಿ ಬೀಗ ಹಾಕುವುದನ್ನೇ ಮರೆತಿದ್ದರು. ಓನರು ಸೊಂಟದ ಗೊಂಚಲು ತೆಗೆದು ತಾವೇ ಮೇಲೆ ಹೋಗಿ ಹಾಕಿ ಬಂದರು. ಬೆಂಕಿ ಗಿಂಕಿ ಬಿದ್ದರೆ ಇರಲಿ ಎಂದು ಬಾಡಿಗೆಯವರ ಮನೆಯ ಕೀಲಿಕೈ ಒಂದೊಂದು ಅವರ ಹತ್ತಿರ ಇರುವುದು ಆ ವಠಾರದ ಪದ್ಧತಿ.

ಕಾರು ಹೊರಟಿತು ಎನ್ನುವುದಕ್ಕಿಂತ ಕಾರಿನ ಮೆರವಣಿಗೆ ಹೊರಟಿತು. ಕುಂಟುವ ಮುದುಕಪ್ಪನೊಬ್ಬ ರಸ್ತೆ ದಾಟಲೆಂದು ಓನರು ಕಾರು ನಿಲ್ಲಿಸಿದರು. ಆತ ದಾಟುವವನೇ ಅಲ್ಲ, ಅಂಗಡಿಯ ನೆರಳಿನಲ್ಲಿ ಸುಮ್ಮನೆ ನಿಂತವನು. ಟೈರಿಗೆ ಗಾಳಿ ಹಾಕಿಸಿದರು. ಗಾಳಿ ಜಾಸ್ತಿಯಾಯಿತೆಂದು ಸ್ವಲ್ಪ ಬಿಡಿಸಿದರು. ಒಂದೇ ಔಷಧದ ಅಂಗಡಿ ಕಿಟಕಿಯಲ್ಲಿ ಮೂರು ಸಲ ಹಾದುಹೋಯಿತು.

"ಸಾರ್, ಸ್ವಲ್ಪ ಬೇಗ."

"ಬೇಗ ಹೋದ್ರೆ ಗಿಳಿಗೆ ತಲೆ ತಿರುಗುತ್ತೆ ಕಣ್ರೀ."

"ಮೂರು ಸುತ್ತು ಸುತ್ತಿಸಿದ್ರೂ ತಿರುಗುತ್ತೆ ಸಾರ್."

ಟವೆಲಿನೊಳಗಿಂದ ವಕೀಲ ಕೆಮ್ಮಿದ. ಕರಡಿಯವರು ಪಂಜರವನ್ನು ಮಡಿಲಿಗೆ ಎಳೆದುಕೊಂಡರು. ಒಂಬತ್ತು ವರ್ಷದಿಂದ ಅಕ್ಕನ ಮನೆಯಲ್ಲಿ ಅವಳಿಗೆ ಎದುರು ಮಾತಾಡಿ ದಕ್ಕಿಸಿಕೊಂಡ ಜೀವ ಅದೊಂದೇ. ತನ್ನ ಕೈಯಲ್ಲಿ ಅದಕ್ಕೇನಾದರೂ ಆದರೆ ಅಕ್ಕ ಬೈಯುವುದಿಲ್ಲ. ಸುಮ್ಮನೆ ಕೂತು ಅಳುತ್ತಾಳೆ. ಅದನ್ನು ನೋಡುವ ಶಕ್ತಿ ಅವರಿಗಿರಲಿಲ್ಲ.

ಎಂಟು ನಿಮಿಷದ ದಾರಿಗೆ ಐವತ್ತು ನಿಮಿಷ ಹಿಡಿದು ಪ್ರಾಣಿಗಳ ಆಸ್ಪತ್ರೆ ಸಿಕ್ಕಿತು. ಒಳಗೆ ಬೆಂಚಿನುದ್ದಕ್ಕೂ ನಾಯಿ, ಬೆಕ್ಕು, ಒಂದು ಮೇಕೆ. ಚೀಟಿ ಬರೆಯುವವನು ತಲೆಯೆತ್ತದೆ ಕೇಳಿದ: "ಹೆಸರು?"

"ವಕೀಲ."

"ನಿಮ್ಮ ಕೆಲ್ಸ ಕೇಳ್ಲಿಲ್ಲ. ಪೇಷಂಟ್ ಹೆಸರು."

"ಅದೇ. ವಕೀಲ."

ಆತ ಟವೆಲು ಸರಿಸಿ ನೋಡಿ ಪೆನ್ನು ಕೆಳಗಿಟ್ಟ. "ಹಕ್ಕಿನಾ? ಹಕ್ಕಿ ಬುಧವಾರ. ಸೋಮವಾರ ನಾಲ್ಕು ಕಾಲಿನವು ಮಾತ್ರ."

"ಹಾಗಾದ್ರೆ ಎರಡು ಗಿಳಿ ತರ್ಲಾ?" ಎಂದರು ಕರಡಿಯವರು.

ಹದಿನೆಂಟು ವರ್ಷ ಹಾಳೆಯಂಚಿನಲ್ಲಿ ಕೂಡಿಟ್ಟ ಕೆಂಪು ಶಾಯಿಯೆಲ್ಲ ಕರಡಿಯವರ ಮುಖಕ್ಕೆ ಏರಿತ್ತು. ಗೋಡೆಯ ಬೋರ್ಡಿನ ಕಡೆ ಬೆರಳು ತೋರಿಸಿದರು. "ಅಲ್ಲೇನು ಬರ್ದಿದೀರಿ, ಓದಿ. 'ಸಣ್ಣ ಲಕ್ಷಣವನ್ನೂ ಕಡೆಗಣಿಸಬೇಡಿ, ಕೂಡಲೇ ಬನ್ನಿ.' ಕೂಡಲೇ ಅಂದ್ರೆ ಬುಧವಾರ ಅಂತ ಯಾವ ನಿಘಂಟಲ್ಲಿದೆ? ಹಕ್ಕಿ ವಾರ ನೋಡ್ಕೊಂಡು ಕೆಮ್ಮಬೇಕಾ? ಮನೇಲಿ ಸಂಜೆವರೆಗೂ ಕಾಯಿ ಅಂತಾರೆ. ಆಫೀಸಲ್ಲಿ ಬಸ್ಸು ಮುಖ್ಯ ಅಂತಾರೆ. ಇಲ್ಲಿ ಬಂದ್ರೆ ಕಾಲು ಎಣಿಸ್ತೀರಿ. ಬೋರ್ಡು ತಿದ್ದಿ ಸ್ವಾಮಿ. 'ಕೂಡಲೇ ಬನ್ನಿ, ಕಾಲು ಎಣಿಸಿಕೊಂಡು ಬನ್ನಿ' ಅಂತ ಬರೀರಿ. ಕೆಂಪು ಪೆನ್ನು ನಾನೇ ಕೊಡ್ತೀನಿ."

ಕೊಟ್ಟೇಬಿಟ್ಟರು. ಜೇಬಿನಲ್ಲಿ ಸದಾ ಇರುತ್ತಿತ್ತು.

"ನಮ್ಮ ಸರದಿ ಅವ್ರಿಗೆ ಕೊಡಿ," ಎಂದಳು ಕರು ಗಾತ್ರದ ನಾಯಿ ಹಿಡಿದು ಕೂತಿದ್ದ ಹೆಂಗಸು. "ನಮ್ದು ಬರೀ ಉಗುರು ಕತ್ತರ್ಸೋದು." ಗದ್ದಲಕ್ಕೆ ಡಾಕ್ಟರಮ್ಮ ಬಾಗಿಲು ತೆರೆದು, ಒಬ್ಬೊಬ್ಬರ ಮುಖವನ್ನೂ ನೋಡಿ, "ಗಿಳಿ ಒಳಗೆ ತನ್ನಿ," ಎಂದರು.

ಡಾಕ್ಟರಮ್ಮ ವಕೀಲನನ್ನು ತೂಗಿದರು. ಮೂಗಿನ ಹೊಳ್ಳೆ, ಗಂಟಲು, ರೆಕ್ಕೆ ಎಲ್ಲ ನೋಡಿದರು. ಉಸಿರಾಡುವಾಗ ಬಾಲ ಅದುರುತ್ತದೆಯೇ ಎಂದು ಕಾದರು. ಪಂಜರದಡಿಯ ಕಾಗದವನ್ನು ಪ್ರಶ್ನಪತ್ರಿಕೆಯಂತೆ ಓದಿದರು. "ಎಲ್ಲ ಸರಿಯಾಗಿದೆಯಲ್ಲ. ಎಲ್ಲಿ, ಕೆಮ್ಮಲಿ."

ವಕೀಲ ಅಕ್ಕನ ದನಿಯಲ್ಲಿ "ಹೋಂವರ್ಕ್ ಎಲ್ಲೋ?" ಎಂದ. ಕುಕ್ಕರಿನಂತೆ ಎರಡು ವಿಷಲ್ ಹಾಕಿದ. ಕೆಮ್ಮು ಬಿಟ್ಟು ಎಲ್ಲವೂ ಬಂತು.

"ನೋಡಿದ್ರಾ, ಏನೂ ಇಲ್ಲ, ಹೋಗೋಣ," ಎಂದು ಓನರು ಎದ್ದರು. ಅಷ್ಟರಲ್ಲಿ ವಕೀಲ ಕತ್ತು ಓರೆ ಮಾಡಿದ. ಮೊದಲು 'ಚರ್ರ್' ಎಂಬ ಸದ್ದು. ಆಮೇಲೆ ಉದ್ದನೆಯ 'ಉಫ್'. ಆಮೇಲೆ ಕೆಮ್ಮು: ಗಂಟಲು, ಎದೆ, ಪಾತಾಳ. ಕೊನೆಗೆ ತೃಪ್ತಿಯಿಂದ, "ಹಾ... ಸುಖ."

ಡಾಕ್ಟರಮ್ಮ ಸ್ಟೆತಾಸ್ಕೋಪು ತೆಗೆದಿಟ್ಟರು. "ಇದಕ್ಕೆ ಕೆಮ್ಮು ಬಂದಿಲ್ಲ. ಕೆಮ್ಮೋಕೆ ಬರುತ್ತೆ, ಅಷ್ಟೆ. ಬೆಂಕಿಕಡ್ಡಿ ಗೀರಿದ್ದು ಕೇಳಿಸ್ತಲ್ಲ? ಇದರ ಮುಂದೆ ಯಾರೋ ದಿನಾ ಸಿಗರೇಟು ಸೇದ್ತಿದಾರೆ. ಇವತ್ತೇ ತಂದಿದ್ದು ಒಳ್ಳೇದಾಯ್ತು. ಆ ಹೊಗೆ ಹಕ್ಕಿಯ ಎದೆಗೆ ವಿಷ. ಬಿಟ್ಟಿದ್ರೆ ನಿಜವಾದ ಕಾಯಿಲೇನೇ ಬರ್ತಿತ್ತು." ಎನ್ನುತ್ತಲೇ ಚೀಟಿ ಬರೆದು ಕರಡಿಯವರ ಕೈಗಿತ್ತರು: "ಪಾಲಕರು ಹಕ್ಕಿಯ ಕೋಣೆಯಲ್ಲಿ ಸಿಗರೇಟು ಸೇದುವುದನ್ನು ಕೂಡಲೇ ನಿಲ್ಲಿಸಬೇಕು."

"ನಾನು ಸೇದಲ್ಲ," ಎಂದರು ಕರಡಿಯವರು.

"ಎಲ್ಲರೂ ಹಾಗೇ ಹೇಳ್ತಾರೆ," ಎಂದರು ಡಾಕ್ಟರಮ್ಮ.

ಓನರಿಗೆ ಎಲ್ಲಿಲ್ಲದ ಹುರುಪು ಬಂತು. "ನಂಗೆ ಮೊದ್ಲಿಂದ್ಲೂ ಅನುಮಾನ ಇತ್ತು. ಅಲ್ರೀ, ಮೂಕಪ್ರಾಣಿ ಮುಂದೆ ಸೇದೋಕೆ ನಾಚಿಕೆ ಆಗಲ್ವಾ? ನನ್ನ ನೋಡಿ ಕಲೀರಿ. ಎರಡು ವರ್ಷದ ಹಿಂದೆ ಬಿಟ್ಟೆ ಅಂದ್ರೆ ಬಿಟ್ಟೆ. ಮನಸ್ಸು ಗಟ್ಟಿ ಇರ್ಬೇಕು ಮನುಷ್ಯನಿಗೆ."

ಪರಿಚಿತ ದನಿ ಕೇಳಿ ವಕೀಲನಿಗೆ ಉತ್ಸಾಹ ಉಕ್ಕಿತು. ಅದೇ ದನಿಯಲ್ಲಿ, ಅದೇ ರಾಗದಲ್ಲಿ ಹೇಳಿದ: "ಒಂದೇ ಒಂದು ಕಣೋ ವಕೀಲ. ನಮ್ಮೋಳಿಗೆ ಗೊತ್ತಾದ್ರೆ ಕತೆ ಮುಗೀತು." ಆಮೇಲೆ ಓನರಮ್ಮನ ದನಿ, ಕೆಳಗಿನಿಂದ ಕೂಗಿದಂತೆ: "ರೀ... ಎಲ್ಲಿದೀರಾ?" ಮತ್ತೆ ಓನರ ದನಿ: "ಬಂದೆ ಕಣೇ, ಟ್ಯಾಂಕ್ ನೋಡ್ತಿದ್ದೆ."

ಓನರ ಬಾಯಿಂದ ಪೆಪ್ಪರ್‌ಮೆಂಟು ಜಾರಿ ಮೇಜಿನ ಮೇಲೆ ಬಿತ್ತು. ಹೆಂಡತಿಯೆದುರು ಎರಡು ವರ್ಷ ತಡೆಹಿಡಿದಿದ್ದ ಕೆಮ್ಮು ಒಮ್ಮೆಲೇ ಹೊರಬಂತು. ಗಂಟಲು, ಎದೆ, ಪಾತಾಳ. ಕರಡಿಯವರು ಅಭ್ಯಾಸಬಲದಿಂದ ಮೂಲಪ್ರತಿಯನ್ನೂ ನಕಲನ್ನೂ ಹೋಲಿಸಿದರು. ಒಂದಕ್ಷರ ತಪ್ಪಿರಲಿಲ್ಲ.

ವಾಪಸು ಬರುವಾಗ ಕಾರು ಓಡಿಸಿದ್ದು ಓನರಮ್ಮ. ಎಂಟು ನಿಮಿಷಕ್ಕೆ ಮನೆ. ಕೆಳಮನೆಯ ಬಾಗಿಲು ಹಾಕಿಕೊಂಡಿತು. ಒಳಗಿನಿಂದ ಸಂಜೆಯವರೆಗೂ ಪಾತ್ರೆಗಳು ಮಾತಾಡಿದವು.

ಕರಡಿಯವರು ಕಿಟಕಿ ಪಕ್ಕದ ತಮ್ಮ ಕುರ್ಚಿಯನ್ನು ಮೂಸಿದರು. ಇಷ್ಟು ದಿನ ಶಾಯಿಯ ವಾಸನೆ ಎಂದುಕೊಂಡಿದ್ದರು. ಅಕ್ಕನ ಹೂವಿನ ಕುಂಡದ ಮಣ್ಣು ಕೆದಕಿದರು. ಸಿಗರೇಟಿನ ತುಂಡುಗಳು, ಸಸಿ ನೆಟ್ಟಂತೆ ಸಾಲಾಗಿ. ಅಂಗೈಗೆ ಹಾಕಿಕೊಂಡು ಎಣಿಸಿದರು. ಮೂವತ್ತೈದು. ಭಾನುವಾರ ಕಳೆದು ಆರು ವಾರ, ಇವತ್ತಿನದು ಬಾಕಿ, ಲೆಕ್ಕ ಸರಿಯಾಗಿತ್ತು.

"ಏನೋ ಅದು ಕೈಯಲ್ಲಿ?"

ಬಾಗಿಲಲ್ಲಿ ಅಕ್ಕ. ಏಳಕ್ಕೆ ಬರಬೇಕಾದವಳು ಆರೂವರೆಗೆ ಬಂದಿದ್ದಳು. ಬಸ್ಸು ಆ ದಿನ, ಆ ದಿನವೇ, ಬೇಗ ಬಂದಿತ್ತು.

"ಅಕ್ಕಾ, ಇದು ನಂದಲ್ಲ."

ಅಕ್ಕ ಮೂಗು ಅರಳಿಸಿದಳು. ಕುರ್ಚಿ ನೋಡಿದಳು, ಕುಂಡ ನೋಡಿದಳು, ಮೇಜಿನ ಮೇಲಿನ ಚೀಟಿ ಓದಿದಳು. "ಪಾಲಕರು ಅಂದ್ರೆ ಯಾರಪ್ಪ? ನಾನಾ?"

ಕರಡಿಯವರು ಓಡಿಹೋಗಿ ಓನರ ಬಾಗಿಲು ಬಡಿದರು. ದಂಪತಿ ಮೇಲೆ ಬಂದರು. ಓನರು ಹಿಂಡಿ ಒಣಹಾಕಿದ ಪಂಚೆಯಂತಿದ್ದರು. "ಆಂಟಿ, ಬೆಳಿಗ್ಗೆ ಕೇಳಿಸ್ಕೊಂಡ್ರಲ್ಲ. ಅಕ್ಕಂಗೆ ನೀವೇ ಹೇಳಿ, ಇಲ್ಲಿ ಸೇದ್ತಿದ್ದಿದ್ದು ಯಾರು ಅಂತ."

ಓನರಮ್ಮ ಅಕ್ಕನನ್ನು ನೋಡಿದರು, ಗಂಡನನ್ನು ನೋಡಿದರು. ಗಂಡನಿಗೆ ಒಳಗೆ ಮಾಡುವುದನ್ನು ಮಾಡಿ ಮುಗಿಸಿದ್ದರು. ಹೊರಗಿನವರೆದುರು ಅವನು ಅವರ ಮನೆಯ ಮರ್ಯಾದೆ. "ನಮ್ಮನೆಯವ್ರಾ? ಎರಡು ವರ್ಷ ಆಯ್ತು ಮೇಡಂ, ಕಡ್ಡಿಪೆಟ್ಟಿಗೆ ಕೂಡ ಮುಟ್ಟಿಲ್ಲ."

ಕರಡಿಯವರಿಗೆ ಥಟ್ಟನೆ ಹೊಳೆಯಿತು. "ಸಾಕ್ಷಿ ಇದೆ," ಎಂದು ಪಂಜರದ ಟವೆಲು ಎಳೆದರು. "ಹೇಳೋ ವಕೀಲ. ಬೆಳಿಗ್ಗೆ ಹೇಳಿದ್ದೇ ಹೇಳು. ಪೂರ್ತಿ ಹೇಳು." ವಕೀಲ ಕೊಕ್ಕಿನಿಂದ ರೆಕ್ಕೆ ಬಾಚಿಕೊಳ್ಳತೊಡಗಿದ. ಪುಸಲಾಯಿಸಲು ಕರಡಿಯವರು ಡಬ್ಬಿಯಿಂದ ಬಿಸ್ಕತ್ತು ತೆಗೆದು ಹಿಡಿದರು.

ವಕೀಲ ಕತ್ತು ಓರೆ ಮಾಡಿದ. ಚರ್ರ್. ಉಫ್. ಗಂಟಲು, ಎದೆ, ಪಾತಾಳ. "ಹಾ... ಸುಖ." ಕರಡಿಯವರು ಗೆದ್ದವರಂತೆ ಅಕ್ಕನ ಕಡೆ ತಿರುಗಿದರು. ಆಗ ವಕೀಲನ ಕಣ್ಣು ಬಿಸ್ಕತ್ತಿನ ಮೇಲೆ ಬಿತ್ತು. ಒಂದು ಕಣ್ಣು ಮುಚ್ಚಿ, ಕರಡಿಯವರದೇ ದನಿಯಲ್ಲಿ, ಅಚ್ಚು ಹೊಡೆದಂತೆ ಹೇಳಿದ:

"ಅಕ್ಕಂಗೆ ಹೇಳ್ಬೇಡ ಕಣೋ ವಕೀಲ."

"ನಂಗೆ ಮೊದ್ಲಿಂದ್ಲೂ ಅನುಮಾನ ಇತ್ತು ಮೇಡಂ," ಎಂದು ಮೆಲ್ಲಗೆ ಹೇಳಿ ಓನರು ಹೆಂಡತಿಯ ಹಿಂದೆ ಕೆಳಗಿಳಿದರು.

ಕರಡಿಯವರು ಏನೋ ಹೇಳಹೊರಟರು. ಸಿಟ್ಟು ಗಂಟಲಿಗೆ ಅಡ್ಡ ಸಿಕ್ಕಿ ಮಾತಿನ ಬದಲು ಕೆಮ್ಮು ಬಂತು. ಮೊದಲನೆಯದು ಗಂಟಲಿನಿಂದ, ಎರಡನೆಯದು ಎದೆಯಿಂದ.

"ಸಾಕು. ಹನ್ನೊಂದನೇ ಸೂಚನೆ ಓದು," ಎಂದಳು ಅಕ್ಕ.

"ಅನುಮಾನ ಬಂದ ದಿನವೇ ಡಾಕ್ಟರು."

"ಚಪ್ಪಲಿ ಹಾಕ್ಕೋ. ಎದೆ ಫೋಟೋ ತೆಗಿಸ್ಕೊಂಡೇ ಬರೋಣ."

ಬೀಗ ಹಾಕಿ ಅರ್ಧ ಮೆಟ್ಟಿಲು ಇಳಿದಿದ್ದರು. ಮೇಲಿನಿಂದ ಓನರ ದನಿ ಸ್ಪಷ್ಟವಾಗಿ ಕೇಳಿಸಿತು: "ಬಂದೆ ಕಣೇ, ಟ್ಯಾಂಕ್ ನೋಡ್ತಿದ್ದೆ."

ಅಕ್ಕ ತಲೆಯೆತ್ತಿ ತಾರಸಿಯ ಕಡೆ ಗೌರವದಿಂದ ನೋಡಿದಳು. "ನೋಡು, ಆಗ್ಲೇ ಮತ್ತೆ ಮೇಲೆ ಹತ್ತಿದಾರೆ, ಈ ವಯಸ್ಸಲ್ಲೂ ಎಷ್ಟು ಜವಾಬ್ದಾರಿ. ಅಂಥವ್ರ ಮೇಲೆ ಹೇಳ್ತೀಯಲ್ಲೋ. ಆ ಕೀಲಿಕೈನೂ ಅವ್ರ ಹತ್ರಾನೇ ಕೊಟ್ಟು ಬಾ, ಮನೆ ಕಡೆ ಒಂದು ಕಣ್ಣಿಟ್ಟಿರ್ತಾರೆ."