ವರ್ಜೀನಿಯಾದ ದೇಸಾಯರು, ಕಾಶ್ಯಪ ಗೋತ್ರ

ನಮ್ಮ ಕಾಕಾನಿಗೆ ಕತಾರಿನಲ್ಲಿ ಸ್ನೇಹಿತರೇ ಇಲ್ಲ ಎಂದು ದೂರುವವರ ಮಾತನ್ನು ನಾನು ಒಪ್ಪುವುದಿಲ್ಲ. ಅವರಿಗೊಬ್ಬ ಜೀವದ ಗೆಳೆಯನಿದ್ದಾನೆ. ಆತ ಸತ್ತು ಎರಡೂವರೆ ಶತಮಾನ ಕಳೆದಿದೆ ಎಂಬುದೊಂದೇ ತೊಡಕು.

ಕಾಕಾ ಇಲ್ಲಿನ ಗ್ಯಾಸ್ ಕಂಪನಿಯೊಂದರಲ್ಲಿ ಡಾಕ್ಯುಮೆಂಟ್ ಕಂಟ್ರೋಲರ್. ಅಂದರೆ ರಾಶಿ ರಾಶಿ ನಕ್ಷೆಗಳಲ್ಲಿ ಯಾವುದು ಹಳೆಯದು, ಯಾವುದು ಹೊಸದು, ಯಾವುದನ್ನು ಯಾರು ಕಳೆದರು ಎಂದು ಕಾಯುವ ಕೆಲಸ. ಇಂಥವರ ಎದುರು ಆಧಾರವಿಲ್ಲದ ಮಾತಾಡುವಂತಿಲ್ಲ. "ಇವತ್ತು ಭಾಳ ಸೆಕಿ ಅದ" ಎಂದು ಅವರ ಹೆಂಡತಿ, ನಮ್ಮ ಕಾಕು, ಬೆವರು ಒರೆಸಿಕೊಂಡರೂ ಕಾಕಾ ಕೇಳುವುದು ಒಂದೇ: "ದಾಖಲಿ ಎಲ್ಲದ?"

ಈ ಪ್ರಶ್ನೆಯನ್ನೇ ಶಾಲೆಯ ಚರ್ಚಾಸ್ಪರ್ಧೆಗಳಿಗೆ ಒಯ್ದು ನಾನು ಎದುರಾಳಿಗಳನ್ನು ಅಳಿಸಿದ್ದೇನೆ. ಗೆದ್ದ ಕಪ್ಪುಗಳೆಲ್ಲ ಅಲ್ ಥುಮಾಮಾದ ನಮ್ಮ ಮನೆಯಲ್ಲಿಲ್ಲ, ಅಲ್ ವುಕೈರ್‌ನಲ್ಲಿ ಕಾಕಾನ ಫ್ಲಾಟಿನ ಶೋಕೇಸಿನಲ್ಲಿವೆ. ಅಣ್ಣತಮ್ಮಂದಿರ ಎರಡು ಸಂಸಾರಕ್ಕೂ ಸೇರಿ ಹುಟ್ಟಿದ ಮಗು ನಾನೊಬ್ಬಳೇ. ಅಪ್ಪನ ಮನೆಯಲ್ಲಿ ಮಲಗುತ್ತೇನೆ, ಕಾಕಾನ ಮನೆಯಲ್ಲಿ ಜಗಳಾಡುತ್ತೇನೆ. ಹಂಚಿಕೆ ಹಾಗಾಗಿದೆ.

ಕಾಕಾನ ಆಫೀಸಿನಲ್ಲಿ ಒಬ್ಬ ಅಮೆರಿಕನ್ ಎಂಜಿನಿಯರ್ ಇದ್ದ. ಒಮ್ಮೆ ಚಹಾ ಕುಡಿಯುತ್ತ, ವರ್ಜೀನಿಯಾ ಇನ್ನೂ ಇಂಗ್ಲಿಷರ ವಸಾಹತಾಗಿದ್ದಾಗ ತನ್ನ ಪೂರ್ವಜ ಅಲ್ಲಿ ಭಾರೀ ಜಮೀನುದಾರನಾಗಿದ್ದ ಎಂದು ಕೊಚ್ಚಿಕೊಂಡ. ಬೇರೆ ಯಾರಾದರೂ "ಹೌದಾ" ಎಂದು ಬಿಸ್ಕತ್ತು ಅದ್ದಿಕೊಳ್ಳುತ್ತಿದ್ದರು. ಕಾಕಾ ದಾಖಲೆ ಕೇಳಿದರು. ಇರಲಿಲ್ಲ. "ನೀನೇ ಹುಡುಕಿಕೊಡು ಮಾರಾಯ" ಎಂದು ಆತ ನಕ್ಕ. ಮುಂದೆ ನಿವೃತ್ತಿಯಾಗಿ ಆತ ಊರಿಗೆ ಹೋದ. ಪೂರ್ವಜ ಮಾತ್ರ ಕಾಕಾನ ಲ್ಯಾಪ್‌ಟಾಪಿನಲ್ಲಿ ಉಳಿದುಬಿಟ್ಟ.

ಆ ಕಾಲದ ಕ್ರಯಪತ್ರ, ಕೋರ್ಟಿನ ತಕರಾರು, ಮರಣಶಾಸನಗಳೆಲ್ಲ ಈಗ ಕುಳಿತಲ್ಲೇ ಕಂಪ್ಯೂಟರಿನಲ್ಲಿ ಸಿಗುತ್ತವೆ. ಇರುವೆಗೆ ಮಸಿ ಮೆತ್ತಿ ಕಾಗದದ ಮೇಲೆ ಬಿಟ್ಟಂಥ ಅಕ್ಷರ. ಕಾಕಾ ಪ್ರತಿ ಶುಕ್ರವಾರ ಆ ಇರುವೆಗಳ ಹಿಂದೆ ಹೊರಡುತ್ತಿದ್ದರು. ನಮ್ಮ ಕಡೆ ಜಮೀನುದಾರರೆಂದರೆ ದೇಸಾಯರು. ಆದ್ದರಿಂದ ಆತನಿಗೂ ವರ್ಜೀನಿಯಾದ ದೇಸಾಯರೆಂಬ ಪದವಿ ದಕ್ಕಿತು.

ಒಂದು ಶುಕ್ರವಾರ ಕಾಕು ಹೆಚ್ಚಲೆಂದು ಇಟ್ಟ ಬೆಂಡೆಕಾಯಿಗಳು ಊಟದ ಮೇಜಿನ ಮೇಲೆ ಉದ್ದಕ್ಕೂ ಮಲಗಿದ್ದವು. ಕಾಕಾ ಅವುಗಳಿಂದಲೇ ದೇಸಾಯರ ಹೊಲದ ಚಕ್ಕುಬಂದಿ ಹಾಕುತ್ತಿದ್ದರು. "ಇದು ಹಳ್ಳ. ಈ ಟೊಮೇಟೊ ಓಕ್ ಗಿಡ. ಇಲ್ಲಿಂದ ಮೂಡಣಕ್ಕ ಹೋದ್ರ..." ಅಷ್ಟರಲ್ಲಿ ಬೆಲ್ ಆಯಿತು. ಕಾಕಾ ಹೋಗಿ ಮಾತಾಡಿ ಬಂದರು.

"ಯಾರ್ರೀ ಅದು?" ಎಂದರು ಕಾಕು.

"ಯಾರೋ ಏನೋ. ಲಿಫ್ಟ್ ಮಾಫಿ, ಬಂದ್ ಆಗ್ಯದ, ಅಂದ್ರು."

"ಬಾಜೂ ಮನಿಯವರು" ಎಂದು ಕಾಕು ನನ್ನ ಕಡೆ ತಿರುಗಿದರು. " ನಾವು ಬಂದಾಗಿಂದ ಇಲ್ಲೇ ಇದ್ದಾರ. ದೇಸಾಯರ ಬಾಜೂ ಹೊಲದಾಂವ ಯಾರಂತ ಕೇಳವಾ ಇವರಿಗೆ, ಅವನ ಬೀಗರ ಹೆಸರೂ ಹೇಳ್ತಾರ."

ದೀಪಾವಳಿಯ ಕೂಟದಲ್ಲಿ ಇನ್ನೂ ಚಂದ. ಹುಬ್ಬಳ್ಳಿಯ ಸೈಟುಗಳ ಬೆಲೆ ಬಗ್ಗೆ ಮಾತು ನಡೆದಿತ್ತು. ಕಾಕಾ ನಡುವೆ ಬಾಯಿ ಹಾಕಿ, "ನಮ್ಮ ದೇಸಾಯರು ರೊಕ್ಕ ಕೊಟ್ಟಿಲ್ಲ ನೋಡ್ರಿ, ತಂಬಾಕು ಕೊಟ್ಟು ಹೊಲಾ ತೊಗೊಂಡ್ರು" ಎಂದರು.

"ಯಾವೂರ ದೇಸಾಯರು?"

"ವರ್ಜೀನಿಯಾ."

ಕೇಳಿದವರು ಸ್ವಲ್ಪ ಯೋಚಿಸಿದರು. "ಅದು ಸವದತ್ತಿ ದಾಟಿ ಬರ್ತದಲ್ರೀ?"

ನಾನು ಮಾತ್ರ ದೇಸಾಯರನ್ನು ಸುಮ್ಮನೆ ಬಿಡುವವಳಲ್ಲ. "ಆ ತಂಬಾಕು ಬೆಳೆದವರು ಯಾರು ಕಾಕಾ? ದೇಸಾಯರೇನು ತಾವೇ ಕುರಪಿ ಹಿಡಿದಿದ್ದರೋ?" ಕಾಕಾ ಅದನ್ನೊಂದು ಚೀಟಿಯಲ್ಲಿ ಬರೆದುಕೊಂಡರು. ಮುಂದಿನ ಶುಕ್ರವಾರ ನಾನು ಹೋದಾಗ ಚಹಾ ಆರಿತ್ತು. ದೇಸಾಯರು ಸತ್ತಾಗ ಬರೆದ ಆಸ್ತಿಯ ಪಟ್ಟಿ ಸಿಕ್ಕಿತ್ತು. ಮಂಚ, ಹಂಡೆ, ಹಂದಿಗಳು. ಅವುಗಳ ನಡುವೆ ಹೆಸರಿಟ್ಟ ಮನುಷ್ಯರು, ಹೊಲದ ಗುಲಾಮರು. "ನೀ ಕೇಳಿದ್ದು ಬರೋಬ್ಬರಿ ಇತ್ತು" ಎಂದರು. ಚರ್ಚೆಯಲ್ಲಿ ಗೆದ್ದು ಇಷ್ಟು ಬೇಜಾರಾದದ್ದು ಅದೇ ಮೊದಲು.

ಆದರೆ ಕಾಕಾನಿಗೆ ಇನ್ನೊಂದು ಚಿಂತೆ ಹತ್ತಿತ್ತು. ದೇಸಾಯರಿಗೆ ಮಕ್ಕಳಿದ್ದರೇ? ತಿಂಗಳುಗಟ್ಟಲೆ ಹುಡುಕಿದರು. ಕಾಕು ಮೊದಮೊದಲು ಬೈಯುತ್ತಿದ್ದವರು ಆಮೇಲೆ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂರತೊಡಗಿದರು. "ಸಿಕ್ಕಿತೇನ್ರೀ ಕೂಸು?" "ಇಲ್ಲ." ಕೊನೆಗೆ ಮರಣಶಾಸನ ಸಿಕ್ಕಿತು. ಮಕ್ಕಳಿರಲಿಲ್ಲ. ಹೊಲವೆಲ್ಲ ಹೆಂಡತಿಗೆ, ಆಕೆಯ ನಂತರ ಚರ್ಚಿಗೆ.

ಅಂದಮೇಲೆ ಎಂಜಿನಿಯರನ ಪೂರ್ವಜ ಬೇರೆ ಯಾರೋ! ಕಾಕಾ ಎಲ್ಲ ದಾಖಲೆ ಜೋಡಿಸಿ ಕಳಿಸಿದರು. ಆತನ ಉತ್ತರ ಒಂದೇ ಸಾಲು: ಹಾಗಿದ್ದರೆ ಇವನು ನಮ್ಮವನಲ್ಲ, ಬಿಟ್ಟುಬಿಡು, ಖಲಾಸ್.

"ಹೆಂಗ ಬಿಡೋದು?" ಎಂದರು ಕಾಕಾ. "ಈಗಂತೂ ಅಂವಗ ಯಾರೂ ಇಲ್ಲ."

ಮಹಾಲಯ ಅಮಾವಾಸ್ಯೆಯ ದಿನ ರಜೆಯಿತ್ತು. ಪಾಯಸದ ಆಸೆಗೆ ನಾನು ಹೋದೆ. ಕಾಕಾ ಬಾಲ್ಕನಿಯಲ್ಲಿ ಏಸಿಯ ಡಬ್ಬದ ಪಕ್ಕ ಮಣೆ ಹಾಕಿಕೊಂಡು ಅಪ್ಪ, ಅಜ್ಜಂದಿರಿಗೆ ಎಳ್ಳುನೀರು ಬಿಟ್ಟು ಮುಗಿಸಿದ್ದರು. ಏಳಲಿಲ್ಲ. ಮತ್ತೆ ಎಳ್ಳು ತೆಗೆದುಕೊಂಡರು.

"ಇನ್ನ್ಯಾರಿಗೆ?" ಎಂದರು ಒಗೆದ ಬಟ್ಟೆ ಹಿಡಿದು ನಿಂತ ಕಾಕು. ಆಮೇಲೆ ತಾವೇ ತಿಳಿದುಕೊಂಡು, "ದೇಸಾಯರ ಗೋತ್ರ?"

"ಗೊತ್ತಿಲ್ಲದವರಿಗೆಲ್ಲಾ ಕಾಶ್ಯಪ."

"ಕಾಶ್ಯಪ ಗೋತ್ರದಾವ್ರು ಹಂದಿ ಸಾಕಿದ್ರಲ್ರೀ."

"ಹೌದು. ದಾಖಲಿ ಅದ."

ನಾನು ಆಕ್ಷೇಪಣೆಗೆ ಗಂಟಲು ಸರಿಮಾಡಿಕೊಂಡೆ. ಮನುಷ್ಯರನ್ನು ಹಂದಿಗಳ ಜೊತೆ ಬರೆಸಿದವನಿಗೆ ನೀರೇ? ಆದರೆ ಕಾಕಾ ಮೊದಲು ಹೇಳಿದ್ದು ದೇಸಾಯರ ಹೆಸರಲ್ಲ. ಆ ಪಟ್ಟಿಯ ಒಂದೊಂದೇ ಹೆಸರು ಹೇಳಿ ನೀರು ಬಿಟ್ಟರು. "ಕೆಲಸಾ ಮಾಡಿದಾವ್ರು ಮೊದಲ. ದೇಸಾಯರ ಪಾಳಿ ಕಡೀಗೆ. ಕಾಯಲಿ" ಎಂದರು.

ತಟ್ಟೆ ಒರೆಸುತ್ತ ಕಾಕಾ, ಲಿಫ್ಟಿನ ಸುದ್ದಿ ಹೇಳುವ ದನಿಯಲ್ಲೇ ಅಂದರು: "ನಮ್ಮ ಪಾಳಿ ಬಂದಾಗ ಅಡಚಣಿ ಅದ ನೋಡವಾ. ಹೆಣ್ಣುಮಕ್ಕಳು ನೀರು ಬಿಡಬಾರದಂತಾರ."

ಕಾಕುವಿನ ಕೈಯ ಬಟ್ಟೆ ತಂತಿಯ ಮೇಲೆ ಅರ್ಧಕ್ಕೇ ನಿಂತಿತು.

ನನಗೆ ಎಳ್ಳುನೀರಿನಲ್ಲಿ ನಂಬಿಕೆಯಿಲ್ಲ. ಅಲ್ ವುಕೈರ್‌ನ ಬಿಸಿಲಿಗೆ ಆ ನೀರು ಪಿತೃಲೋಕವಿರಲಿ, ಕೆಳಗಿನ ಮಹಡಿಯನ್ನೂ ತಲುಪುವುದಿಲ್ಲ ಎಂದು ವಾದಿಸಬಲ್ಲೆ. ಬಾಯಿಂದ ಬಂದದ್ದು ಬೇರೆ.

"ಯಾರಂತಾರ ಕಾಕಾ? ದಾಖಲಿ ಎಲ್ಲದ?"

ಅವರು ನನ್ನನ್ನೇ ನೋಡಿದರು. ರೂಢಿಯಂತೆ ಚಷ್ಮಾಕ್ಕೆ ಕೈ ಹೋಯಿತು. "ತಡಿ, ಹುಡುಕ್ತೀನಿ."

"ಹುಡುಕಬ್ಯಾಡ್ರಿ" ಎಂದೆ.

ಕಾಕಾ ಚಷ್ಮಾ ಹಾಕಿಕೊಳ್ಳಲಿಲ್ಲ. ಮಡಿಚಿ ಜೇಬಿಗಿಟ್ಟರು. ಎಳ್ಳಿನ ಡಬ್ಬಿಯ ಮುಚ್ಚಳವನ್ನು ಗಟ್ಟಿಯಾಗಿ ತಿರುಗಿಸಿ ನನ್ನ ಕೈಗೆ ಕೊಟ್ಟರು.

"ಅಡಗಿಮನಿ ಕಪಾಟಿನ ಮ್ಯಾಲಿನ ಫಳಿ, ಎಡಗಡೆ" ಎಂದರು. "ಎಲ್ಲಿರ್ತದಂತ ನೋಡಿಟ್ಟುಕೋ."