ಪಿಳ್ಳಮ್ಮನ ಹಸುವೂ ನನ್ನ ಎಂಜಿನ್ನೂ

ಎಣಿಸದೆ ಇರುವುದು ನನ್ನಿಂದಾಗದ ಕೆಲಸ. ನಾಗಸಂದ್ರದ ಮೆಟ್ರೊ ಮೆಟ್ಟಿಲುಗಳಿಂದ ಹಿಡಿದು ತರಗತಿಯಲ್ಲಿ ಆಕಳಿಸಿದವರವರೆಗೆ ಎಲ್ಲಕ್ಕೂ ನನ್ನ ಡೈರಿಯಲ್ಲಿ ಲೆಕ್ಕವಿದೆ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಮೆಕ್ಯಾನಿಕಲ್ ವಿಭಾಗದ ಅಧ್ಯಾಪಕಿ ನಾನು. ಸಂಶೋಧನೆ ರಾಕೆಟ್ ಎಂಜಿನ್‌ಗಳ ಮೇಲೆ. ‘ಮಗಳು ರಾಕೆಟ್ ಬಿಡ್ತಾಳೆ’ ಎಂದು ಅಮ್ಮ ನೆಂಟರಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ. ನಿಜವೇನೆಂದರೆ, ಏಳು ವರ್ಷಗಳಲ್ಲಿ ನನ್ನ ಎಂಜಿನ್ ಒಂದಿಂಚೂ ಕದಲಿಲ್ಲ. ಕಾಲೇಜಿನ ಹಿಂದಿನ ತಗಡಿನ ಶೆಡ್ಡಿನಲ್ಲಿ ಅದನ್ನು ಕಬ್ಬಿಣದ ಚೌಕಟ್ಟಿಗೆ ಬೋಲ್ಟ್ ಹಾಕಿ ಬಿಗಿದಿರುತ್ತೇವೆ. ಹತ್ತು ಸೆಕೆಂಡು ಉರಿಸುತ್ತೇವೆ, ಎಷ್ಟು ಜೋರಾಗಿ ತಳ್ಳಿತು ಎಂದು ಬರೆದುಕೊಳ್ಳುತ್ತೇವೆ. ನನ್ನ ಬಡ್ತಿಯ ಪರಿಸ್ಥಿತಿಯೂ ಹೆಚ್ಚುಕಡಿಮೆ ಹೀಗೇ: ಸದ್ದು ಬಹಳ, ಇದ್ದಲ್ಲೇ ಇದೆ.

ಶೆಡ್ಡಿನ ಗೋಡೆಯಾಚೆ ಪಿಳ್ಳಮ್ಮನ ಕೊಟ್ಟಿಗೆ. ಪ್ರತಿ ಪರೀಕ್ಷೆಯಾದ ಮೇಲೆ ಗೋಡೆಯ ಬಿರುಕು ಎಣಿಸಲು ನಾನು ಆ ಬದಿಗೂ ಹೋಗಿಬರುತ್ತಿದ್ದೆ. ಒಂದು ಕಾಲಕ್ಕೆ ಕಾಲೇಜಿನ ಜಾಗವೆಲ್ಲ ಅವರ ರಾಗಿ ಹೊಲ. ಈಗ ಅವರಿಗೆ ಉಳಿದಿರುವುದು ಮೂರಂತಸ್ತಿನ ಬಾಡಿಗೆ ಮನೆಗಳು ಮತ್ತು ಕೆಂಪಿ ಎಂಬ ಒಂದು ಹಸು. ಒಂದು ದಿನ ಆಕೆ ನೇರ ಪ್ರಿನ್ಸಿಪಾಲರ ಕೋಣೆಗೆ ಬಂದುಬಿಟ್ಟರು.

“ಈ ಮೇಡಮ್ಮ ಪಟಾಕಿ ಒಡೆದ ದಿವಸ ನಮ್ಮ ಕೆಂಪಿ ಆಲೇ ಇಳಿಸಾಕಿಲ್ಲ ಸಾರ್!”

“ಅದು ಪಟಾಕಿಯಲ್ಲ, ಎಂಜಿನ್” ಎಂದೆ.

“ಏನೋ ಒಂದು. ಅಸಕ್ಕೆ ಅದೆಲ್ಲ ಗೊತ್ತಾಯ್ತದಾ?”

ಪ್ರಿನ್ಸಿಪಾಲರು ಒಂದು ತಿಂಗಳ ಗಡುವು ಕೊಟ್ಟರು. ಅಷ್ಟರಲ್ಲಿ ಹಾಲಿಗೂ ಎಂಜಿನ್ನಿಗೂ ಸಂಬಂಧವಿಲ್ಲವೆಂದು ತೋರಿಸಬೇಕು. ಇಲ್ಲದಿದ್ದರೆ ಶೆಡ್ಡು ಬೈಕ್ ಪಾರ್ಕಿಂಗ್ ಆಗುತ್ತದೆ. ಏಳು ವರ್ಷದ ಕೆಲಸಕ್ಕೆ ಅಲ್ಲಿಗೆ ಬೀಗ.

ನಾನು ಹೆದರಲಿಲ್ಲ. ಎಣಿಸುವವಳಿಗೆ ಎಣಿಸುವ ಕೆಲಸವನ್ನೇ ಕೊಟ್ಟಿದ್ದರಲ್ಲ! ಪರೀಕ್ಷೆಯ ದಿನ ಎಂಜಿನ್ ಆರಿಸಿದ ಕೂಡಲೇ ಹೆಲ್ಮೆಟ್ಟು, ಕಿವಿಮುಚ್ಚು ಕೂಡ ತೆಗೆಯದೆ ಕೊಟ್ಟಿಗೆಗೆ ಓಡುತ್ತಿದ್ದೆ; ಹಾಲು ಕರೆಯುವಾಗ ಪಕ್ಕದಲ್ಲೇ ನಿಂತು ಅಳೆಯುತ್ತಿದ್ದೆ. ಉಳಿದ ದಿನ ನನಗೆ ತರಗತಿ. ಪಿಳ್ಳಮ್ಮನೇ ಫೋನಿನಲ್ಲಿ ಅಳತೆ ಹೇಳುತ್ತಿದ್ದರು. ಮೂರು ವಾರದಲ್ಲಿ ಐದು ಪರೀಕ್ಷೆ. ಐದೂ ದಿನ ಹಾಲು ಎರಡು ಲೀಟರ್ ಕಡಿಮೆ! ಎಷ್ಟು ಸಲ ಕೂಡಿದರೂ ಲೆಕ್ಕ ಹಸುವಿನ ಪರವೇ. ಒಂದೆರಡು ಅಂಕಿ ತಿದ್ದೋಣವೇ ಎಂಬ ಆಸೆ ಬಂತು. ಪೆನ್ಸಿಲ್ ತೆಗೆದದ್ದೂ ನಿಜ. ಆದರೆ ತಿದ್ದಿದ ಡೈರಿಯನ್ನು ಆಮೇಲೆ ನಾನೇ ತಾನೇ ಓದಬೇಕು? ಪೆನ್ಸಿಲ್ ಒಳಗಿಟ್ಟೆ.

ಆರನೆಯ ಪರೀಕ್ಷೆಯ ದಿನ ನನಗೆ ಜ್ವರ. ವಿದ್ಯಾರ್ಥಿಗಳೇ ಎಂಜಿನ್ ಉರಿಸಿದರು. ಸಂಜೆ ಪಿಳ್ಳಮ್ಮನ ಫೋನು.

“ಮೇಡಮ್ಮ, ಇವತ್ತು ಪೂರಾ ಆಲು ಕೊಡ್ತು. ಒಡೀಲಿಲ್ವಾ?”

“ಒಡೆದರಲ್ಲ! ನೀವು ಕೇಳಿಸಿಕೊಳ್ಳಲಿಲ್ವಾ?”

“ನಾನು ಸಂತೆಗೋಗಿದ್ದೆ.” ಆಮೇಲೆ ಆಕೆಯೇ ಕೇಳಿದರು: “ನೀವು ಬರ್ಲಿಲ್ಲ ಅಲ್ವಾ ಇವತ್ತು?”

“ಇಲ್ಲ, ಜ್ವರ.”

“ಅಂಗಾದ್ರೆ ಅಸ ಎದರ್ತಿದ್ದುದು ನಿಮ್ಗೇ ಕಣಮ್ಮ! ಅಳದಿ ಟೋಪಿ, ಕಪ್ಪು ಕನ್ನಡಕ, ಕಿವೀಗೆ ಎರಡು ಬಟ್ಲು... ಮೊದಲ್ನೇ ದಿನ ನಾನೇ ಎದರ್ಕಂಡಿದ್ದೆ.”

ಒಂದು ದಿನದ ಫಲಿತಾಂಶ ಸಾಲದು ಎಂದು ಇನ್ನೆರಡು ಪರೀಕ್ಷೆಗಳಿಗೆ ಕೊಟ್ಟಿಗೆಯ ಕಡೆ ತಲೆಹಾಕಲಿಲ್ಲ. ಎರಡೂ ದಿನ ಹಾಲು ಪೂರ್ತಿ. ಗಡುವಿನ ದಿನ ಪಿಳ್ಳಮ್ಮನೇ ಪ್ರಿನ್ಸಿಪಾಲರ ಮುಂದೆ ನಿಂತರು: “ಇಂಜಿನ್ ಎಷ್ಟಾದ್ರೂ ಒಡ್ಕಳ್ಳಿ ಸಾರ್. ಈ ಮೇಡಮ್ಮನ್ನ ಮಾತ್ರ ಕೊಟ್ಗೆ ತಾವ ಬಿಡಬ್ಯಾಡಿ.”

ಶೆಡ್ಡು ಉಳಿಯಿತು. ಅಳೆಯಲು ಇಟ್ಟ ಉಪಕರಣವೇ ಅಳತೆಯನ್ನು ಕೆಡಿಸಬಾರದು ಎಂದು ಪ್ರತಿ ವರ್ಷ ಮೊದಲ ತರಗತಿಯಲ್ಲಿ ಪಾಠ ಮಾಡುವವಳು ನಾನೇ. ಆ ರಾತ್ರಿ ಡೈರಿಯಲ್ಲಿ ಏಳು ವರ್ಷದ ಒಟ್ಟು ಲೆಕ್ಕ ಬರೆದೆ: ಎಂಜಿನ್, ಇದ್ದಲ್ಲೇ ಇದೆ. ಬಡ್ತಿ, ಇದ್ದಲ್ಲೇ ಇದೆ. ನನ್ನಿಂದ ಹಿಂದಕ್ಕೆ ಸರಿದದ್ದು ಹಸು, ಒಂದು.